ಜಾಗ ತಿನ್ನದ ಅಟ್ಟ

ಕಬ್ಬಿಣದ ವಸ್ತು ಏನೇ ಇದ್ದರೂ ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕು ಎಂದು ಆ ಲ್ಯಾಬಿನ ಹೊರಗೆ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬರೆದಿದೆ. ನಾನು ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನಾದರೂ ಅಷ್ಟು ಓದಬಲ್ಲೆ. ವಾಚ್‌ಮನ್ ಮಾತ್ರ ನನ್ನ ಮುಖ ನೋಡಿ, ಬಾಲವಾಡಿಯ ಮಕ್ಕಳಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ ಓದಿ ಹೇಳಿದ. ನನ್ನ ತಲೆ ಕೆಟ್ಟಿದ್ದು ಅಲ್ಲಿಂದ.

ನಾವು ಏಸಿ ರಿಪೇರಿಯವರು. ಭಾಂಡುಪ್‌ನಲ್ಲಿ ಶರೀಫ ಮಾಮುವಿನದು ಒಂದೇ ಶಟರಿನ ಅಂಗಡಿ. ಮಾಮು ನನ್ನ ಅಮ್ಮನ ತಮ್ಮ, ನನಗೆ ಕೆಲಸ ಕಲಿಸಿದ ಉಸ್ತಾದ. ದೊಡ್ಡ ಕಂಪನಿಯವರು ಹಿಡಿದ ಕೆಲಸವನ್ನು ಅವರ ಕೈಕೆಳಗೆ ನಾವು ಮಾಡುತ್ತೇವೆ. ಈ ವಿಜ್ಞಾನ ಸಂಸ್ಥೆಯ ಲ್ಯಾಬು ಹಾಗೆ ನಮ್ಮ ಪಾಲಿಗೆ ಬಂದದ್ದು. ಗೇಟ್ ಪಾಸ್ ಮಾಮುವಿನ ಹೆಸರಿನಲ್ಲಿತ್ತು. ನಾನು ಏನೇ ಮಾಡಿದರೂ ಅವನ ತಲೆಗೆ.

ಮಾಮು ಬೆಲ್ಟು, ಗಡಿಯಾರ, ಕೀಲಿಗೊಂಚಲು ಎಲ್ಲವನ್ನೂ ತೆಗೆದು ಟ್ರೇನಲ್ಲಿಟ್ಟ. ಮಸೀದಿಯ ಮೆಟ್ಟಿಲಲ್ಲಿ ಚಪ್ಪಲಿ ಬಿಡುವಷ್ಟು ಸಹಜವಾಗಿ. ನನಗೆ ಅಷ್ಟು ಸಹಜವಾಗಿ ಆಗಲಿಲ್ಲ. ವಾಚ್‌ಮನ್ ನನ್ನ ಸೊಂಟಕ್ಕೆ ಕೈ ಹಾಕಿ ತಡವಿದ. ಹಿಂದೆ ಬಂದಿದ್ದ ಏಸಿಯವರು ತಾಮ್ರದ ವೈರ್ ಹೊತ್ತೊಯ್ದಿದ್ದರಂತೆ. ಅವರು ಯಾರೋ, ನಾವು ಯಾರೋ. ಆಗಲೇ ನಾನು ಕೈಯಲ್ಲಿದ್ದ ಮ್ಯಾಗ್ನೆಟ್ಟನ್ನು ಒರೆಸುವ ಬಟ್ಟೆಯ ಗಂಟಿನೊಳಗೆ ಸರಿಸಿದ್ದು. ಟ್ರೇಗೆ ಹಾಕಲೆಂದೇ ಹೊರಗೆ ತೆಗೆದಿದ್ದೆ. ಹಾಕಲಿಲ್ಲ. ತಡವು ಮಗನೇ, ಎಷ್ಟು ತಡವುತ್ತೀಯೋ ತಡವು ಎಂದುಕೊಂಡೆ.

ಆ ಮ್ಯಾಗ್ನೆಟ್ಟಿನ ಬಗ್ಗೆ ಹೇಳಬೇಕು. ಹಳೇ ಲೌಡ್‌ಸ್ಪೀಕರಿನಿಂದ ಕಿತ್ತ, ಬಳೆಯಂಥ ದಪ್ಪ ಕಪ್ಪು ಮ್ಯಾಗ್ನೆಟ್ಟು. ಏಣಿಯ ಮೇಲೆ ನಿಂತಾಗ ಬಿಚ್ಚಿದ ಸ್ಕ್ರೂಗಳನ್ನು ಬಾಯಲ್ಲಿ ಇಟ್ಟುಕೊಳ್ಳುವುದು ಎಲ್ಲ ಮೆಕ್ಯಾನಿಕ್ಕುಗಳ ಅಭ್ಯಾಸ. ಮಾಮು ಹಿಂದೊಮ್ಮೆ ಕೆಮ್ಮು ಬಂದು ಒಂದನ್ನು ನುಂಗಿಬಿಟ್ಟಿದ್ದ. ಅಂದಿನಿಂದ ನಮ್ಮ ಅಂಗಡಿಯಲ್ಲಿ ಸ್ಕ್ರೂ ಬಾಯಿಗೆ ಹೋಗುವುದಿಲ್ಲ. ಮ್ಯಾಗ್ನೆಟ್ಟನ್ನು ತಗಡಿಗೆ ಅಂಟಿಸು, ಸ್ಕ್ರೂಗಳನ್ನು ಮ್ಯಾಗ್ನೆಟ್ಟಿಗೆ ಅಂಟಿಸು. ಅದಿಲ್ಲದೆ ಏಣಿ ಹತ್ತಿದರೆ ನನಗೆ ಕೈಯೇ ಇಲ್ಲದಂತೆ.

ಲ್ಯಾಬು ಎಂದರೆ ಕಿಟಕಿಯಿಲ್ಲದ ಒಂದು ಖೋಲಿ. ನಡುವೆ ಭಾರಿ ಮೇಜು, ಅದರ ತುಂಬ ಪುಟ್ಟ ಪುಟ್ಟ ಕನ್ನಡಿಗಳು, ಅವುಗಳ ನಡುವೆ ಗಾಜಿನ ಒಂದು ಡಬ್ಬಿ. ಡಬ್ಬಿಯ ನೆತ್ತಿಯ ಮೇಲೆಯೇ ಏಸಿಯ ಗಾಳಿ ತರುವ ನಮ್ಮ ಡಕ್ಟಿನ ಬಾಯಿ. ಅದರೊಳಗೆ ತಗಡಿನ ಒಂದು ಫ್ಲ್ಯಾಪು. ಖೋಲಿ ಬಿಸಿಯಾದರೆ ತಾನೇ ತೆರೆದುಕೊಳ್ಳಬೇಕು, ತಣ್ಣಗಾದರೆ ತಾನೇ ಮುಚ್ಚಿಕೊಳ್ಳಬೇಕು. ಅದು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು.

ಮೇಲೆ ಹತ್ತಿ ಜಾಲರಿ ಬಿಚ್ಚಿದೆ. ಮ್ಯಾಗ್ನೆಟ್ಟನ್ನು ಫ್ಲ್ಯಾಪಿನ ಮೇಲೆಯೇ ಟಕ್ಕೆಂದು ಅಂಟಿಸಿ ಸ್ಕ್ರೂಗಳನ್ನು ಅದಕ್ಕೆ ಸಿಕ್ಕಿಸಿದೆ. ಕೈ ಕೆಲಸ ಮಾಡುತ್ತಿದ್ದರೂ ಬಾಯಿ ಸುಮ್ಮನಿರಲಿಲ್ಲ. ಇಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ವಾಚ್‌ಮನ್‌ನ ವಂಶವನ್ನೆಲ್ಲ ನಮ್ಮ ಮನೆಮಾತಾದ ಕನ್ನಡದಲ್ಲಿ ಜಾಲಾಡುತ್ತ, ಅವನ ಅಪ್ಪ ಯಾರಿರಬಹುದು ಎಂಬಲ್ಲಿಗೆ ಬಂದಿದ್ದೆ.

"ಅವನ ಅಪ್ಪನನ್ನು ನಾನು ನೋಡಿದ್ದೇನೆ ಮಾರಾಯ್ರೆ. ಇಲ್ಲೇ ಕ್ಯಾಂಟೀನಲ್ಲಿದ್ದಾರೆ. ಸೇಮ್ ಮೂಗು," ಎಂದಿತು ಕೆಳಗಿನಿಂದ ಒಂದು ದನಿ.

ನಾನು ಏಣಿಯಿಂದ ಬೀಳುವುದೊಂದು ಬಾಕಿ. ಕೆಳಗೆ ನಿಂತು ನಗುತ್ತಿದ್ದವಳು ನಿಖಿತಾ. ಆ ಮೇಜಿನ ಮೇಲೆ ನಡೆಯುತ್ತಿದ್ದ ಪ್ರಯೋಗ ಅವಳದು. ಅದರ ಮೇಲೆಯೇ ಡಾಕ್ಟರೇಟು ಮಾಡುತ್ತಿದ್ದಳು. ಮನೆ ಸಯನ್‌ನಲ್ಲಿ. ಅಪ್ಪ ಉಡುಪಿ ಕಡೆಯವರು, ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ಮ್ಯಾನೇಜರು. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡ ಮಾತಾಡುವಾಗ ಕತ್ತಲೆಯಲ್ಲಿ ಮೆಟ್ಟಿಲಿಳಿಯುವವಳಂತೆ ಪದಪದಕ್ಕೂ ತಡಕಾಡುತ್ತಿದ್ದಳು. ಆದರೂ ಬಿಡುತ್ತಿರಲಿಲ್ಲ. ಲ್ಯಾಬಿನಲ್ಲಿ ಕನ್ನಡ ಕೇಳಿ ಎಷ್ಟು ಕಾಲವಾಯಿತೋ ಎಂದಳು.

ಫ್ಲ್ಯಾಪು ಸರಿಯಾಗಿದೆಯೇ ಎಂದು ನೋಡಲು ಖೋಲಿ ತಣ್ಣಗಾಗುವ ತನಕ ಕಾಯಬೇಕಿತ್ತು. ಕಾಯುವ ಹೊತ್ತಿನಲ್ಲಿ, ಈ ಡಬ್ಬಿಯಲ್ಲಿ ಏನಿದೆ ಎಂದು ಕೇಳಿದೆ. ಬೇರೆಯವರಾಗಿದ್ದರೆ ನಿನಗೆ ತಿಳಿಯುವುದಿಲ್ಲ ಎನ್ನುತ್ತಿದ್ದರು. ಅವಳು ಕುರ್ಚಿ ಎಳೆದುಕೊಟ್ಟಳು.

ಪರಮಾಣುಗಳನ್ನು ತಣ್ಣಗೆ ಮಾಡುತ್ತಾರಂತೆ. ಯಾವ ಗ್ಯಾಸು ಎಂದೆ. ಗ್ಯಾಸಿಲ್ಲ, ಕಂಪ್ರೆಸರಿಲ್ಲ, ಬರೀ ಬೆಳಕು ಎಂದಳು. ಏಸಿಯವನ ಮುಂದೆ ಇಂಥ ಮಾತು! ಚೇಷ್ಟೆ ಮಾಡುತ್ತಿದ್ದಾಳೆ ಎಂದು ನನಗೆ ಕೋಪ ಬಂತು. ಅವಳು ಬಿಡಿಸಿ ಹೇಳಿದಳು. ಲೇಸರ್ ಬೆಳಕು ಎಲ್ಲ ಕಡೆಯಿಂದ ತಳ್ಳಿದರೆ ಪರಮಾಣುಗಳ ಓಟ ನಿಧಾನವಾಗುತ್ತದೆ, ನಿಧಾನವಾಗುವುದೇ ತಣ್ಣಗಾಗುವುದು. ನಕ್ಷತ್ರಗಳ ನಡುವಿನ ಬಯಲಿಗಿಂತ ತಣ್ಣಗಾದ ಸಣ್ಣದೊಂದು ಮೋಡ, ಡಬ್ಬಿಯ ಯಾವ ಗೋಡೆಯನ್ನೂ ಮುಟ್ಟದೆ, ಬೆಳಕಿನ ಹಿಡಿತದಲ್ಲೇ ನಡುವೆ ನಿಂತಿರುತ್ತದೆ.

"ಉದ್ದ, ಅಗಲ, ಎತ್ತರ. ಇದು ಬಿಟ್ಟು ಇನ್ನೂ ಒಂದು ದಿಕ್ಕು ಇದ್ದರೆ ಇವು ಹೇಗೆ ಓಡಾಡ್ತವೆ ಅಂತ ನೋಡೋದು," ಎಂದಳು.

"ಆ ದಿಕ್ಕು ಎಲ್ಲೈತ್ರೀ?"

"ಎಲ್ಲಿಯೂ ಇಲ್ಲ. ಅದಕ್ಕೇ ಕಟ್ಟೋದು."

ಒಂದೊಂದು ಪರಮಾಣುವಿನೊಳಗೂ ಸೂಜಿಯಂಥದ್ದು ಒಂದಿದೆಯಂತೆ. ಅದು ಮೇಲೆ ಮುಖ ಮಾಡಬಹುದು, ಅಡ್ಡ ಇರಬಹುದು, ಕೆಳಗೆ ಮುಖ ಮಾಡಬಹುದು. ಈ ಮೂರು ಭಂಗಿಗಳನ್ನು ಮೂರು ಮೆಟ್ಟಿಲು ಎಂದು ಇವರು ಎಣಿಸುತ್ತಾರೆ. ಲೇಸರ್ ತಾಕಿದಾಗ ಪರಮಾಣು ಒಂದು ಭಂಗಿಯಿಂದ ಪಕ್ಕದ ಭಂಗಿಗೆ ದಾಟುತ್ತದೆ. ನಿಂತ ಜಾಗ ಬಿಡುವುದಿಲ್ಲ, ಆದರೂ ಹತ್ತಿ ಇಳಿಯುತ್ತದೆ.

ನನಗೆ ನಮ್ಮ ಖೋಲಿ ನೆನಪಾಯಿತು. ಕೆಳಗೆ ಅಮ್ಮನ ಒಲೆ, ಟ್ರಂಕು, ಹಾಸಿಗೆ. ನಾನು ಮಲಗುವುದು ಹಲಗೆ ಬಡಿದ ಅಟ್ಟದ ಮೇಲೆ. ಅಟ್ಟ ಹಾಕಿಸಿದ ಮೇಲೆ ಕೆಳಗೆ ನಿಂತರೆ ತಲೆ ತಾಗುತ್ತದೆ. ಅದನ್ನು ಹೇಳಿದೆ. ಅವಳ ಮುಖ ಅರಳಿತು.

"ಹಾಂ, ಇದು ಅಟ್ಟವೇ. ಆದ್ರೆ ಜಾಗ ತಿನ್ನೋದಿಲ್ಲ."

ಪರದೆಯ ಮೇಲೆ ಹಳೆಯ ಫೋಟೋಗಳನ್ನು ತೋರಿಸಿದಳು. ಮೂರು ಸಾಲು ಚುಕ್ಕೆಗಳು. ಕೆಳಗಿನ ಸಾಲು ಎಡಕ್ಕೆ ಜರುಗಿತ್ತು, ಮೇಲಿನ ಸಾಲು ಬಲಕ್ಕೆ. ನಡುವಿನದು ಇದ್ದಲ್ಲೇ ಇತ್ತು. ಮೇಲಂಚಿನ, ಕೆಳಂಚಿನ ಸಾಲಿನ ಪರಮಾಣುಗಳು ಗೋಡೆ ಹಿಡಿದವರಂತೆ ನಡೆಯುತ್ತವೆ, ಎಂದರೆ ಇಲ್ಲದ ಅಟ್ಟಕ್ಕೆ ಗೋಡೆಯೂ ಇದೆ ಎಂದಾಯಿತಲ್ಲ ಎಂದಳು. ಮುಂಬಯಿಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ದೊಡ್ಡ ಜಾದೂ ಯಾವುದಿದೆ? ನಾನು ಸಿಟ್ಟನ್ನು ಮರೆತೇಬಿಟ್ಟಿದ್ದೆ.

ಅಷ್ಟರಲ್ಲಿ ಅವಳೇ ಬಾಗಿಲಿನ ಬೋರ್ಡಿನ ಮಾತು ತೆಗೆದಳು. ಡಕ್ಟಿನಂತೆ ಕೂತಲ್ಲೇ ಕೂತಿರುವ ಕಬ್ಬಿಣದ ಎಳೆತವನ್ನು ನಾವು ಲೆಕ್ಕಕ್ಕೆ ಹಿಡಿದಿದ್ದೇವೆ, ಅಲ್ಲಾಡುವ ಕಬ್ಬಿಣ ಮಾತ್ರ ಬೇಡ. ಒಂದು ಮ್ಯಾಗ್ನೆಟ್ ಹತ್ತಿರ ಸುಳಿದರೆ ಮೆಟ್ಟಿಲೆಲ್ಲ ವಾರೆಯಾಗಿ ಪರಮಾಣುಗಳು ಒಂದೇ ಸಾಲಿಗೆ ಬಂದು ಗುಡ್ಡೆ ಬೀಳುತ್ತವೆ ಎಂದು ಹೇಳಿ, ಕೊನೆಗೆ ನಗುತ್ತಲೇ ಕೇಳಿದಳು.

"ನಿಮ್ಮ ಹತ್ರ ಮ್ಯಾಗ್ನೆಟ್ ಗಿಗ್ನೆಟ್ ಏನೂ ಇಲ್ಲಲ್ಲ?"

"ಇಲ್ರೀ," ಎಂದೆ.

ಇದೆ ಎಂದಿದ್ದರೆ ಆ ವಾಚ್‌ಮನ್ ನನ್ನ ಸೊಂಟಕ್ಕೆ ಕೈ ಹಾಕಿದ್ದು ಸರಿ ಎಂದಾಗುತ್ತಿತ್ತು. ಬೇರೆ ಕಾರಣ ಇರಲಿಲ್ಲ. ಮೇಲೆ ಹತ್ತಿ, ಜಾಲರಿ ಕೂರಿಸುವ ನೆಪದಲ್ಲಿ ಅದನ್ನು ಬಟ್ಟೆಗೆ ಸೇರಿಸಿಕೊಂಡರಾಯಿತು ಎಂದುಕೊಂಡೆ. ಹತ್ತಿದೆ. ಸ್ಕ್ರೂಗಳನ್ನು ಒಂದೊಂದಾಗಿ ಬಿಡಿಸಿಕೊಂಡೆ. ಮ್ಯಾಗ್ನೆಟ್ಟಿಗೆ ಕೈ ಹಾಕಬೇಕು, ಬಾಗಿಲು ತೆರೆದು ಅವಳ ಗೈಡು ಬಂದರು. ಎಲ್ಲರೂ ಅವರನ್ನು ಬರೀ ಸರ್ ಎನ್ನುತ್ತಾರೆ. ಇನ್ನೂ ಮುಗಿದಿಲ್ಲವೇ ಎನ್ನುತ್ತ ಏಣಿಯ ಬುಡದಲ್ಲೇ ನಿಂತು ಮೇಲೆ ನೋಡತೊಡಗಿದರು. ಅವರ ಪಕ್ಕದಲ್ಲಿ ನಿಖಿತಾ, ಅವಳ ಪಕ್ಕದಲ್ಲಿ ಮಾಮು. ಇಷ್ಟು ಜನರ ಕಣ್ಣೆದುರು ಅದನ್ನು ಹೇಗೆ ತೆಗೆಯಲಿ? ಜಾಲರಿ ಮುಚ್ಚಿ ಇಳಿದುಬಿಟ್ಟೆ.

ಲೋಕಲ್‌ನಲ್ಲಿ ಬಾಗಿಲ ಕಂಬಿ ಹಿಡಿದು ನಿಂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಗೈಯಗಲದ ಮ್ಯಾಗ್ನೆಟ್ಟು. ಇಷ್ಟು ದೊಡ್ಡ ಸಂಸ್ಥೆ. ಏನಾಗುತ್ತದೆ? ಮುಂದಿನ ಸರ್ವಿಸಿಗೆ ಹೋದಾಗ ತೆಗೆದರಾಯಿತು. ಮ್ಯಾಗ್ನೆಟ್ಟು ಎಲ್ಲಿ ಎಂದು ಮಾಮು ಕೇಳಿದಾಗ ಎಲ್ಲೋ ಬಿತ್ತು ಎಂದೆ.

ಮುಂದಿನ ಸರ್ವಿಸಿನ ಹೊತ್ತಿಗೆ ಮಳೆ ಶುರುವಾಗಿತ್ತು. ಒಳಗೆ ಕಾಲಿಟ್ಟವನು ಹಾಗೇ ನಿಂತೆ. ಮೇಜು ಅರ್ಧ ಬರಿದಾಗಿತ್ತು. ಕನ್ನಡಿಗಳೆಲ್ಲ ಬಿಚ್ಚಿ ಡಬ್ಬಗಳಲ್ಲಿ. ನಿಖಿತಾ ನೆಲದ ಮೇಲೆ ಕೂತು ಒಂದೊಂದನ್ನೇ ಒರೆಸುತ್ತಿದ್ದಳು. ಹೊಸದಾಗಿ ಏನಾದರೂ ಕಟ್ಟುತ್ತಿದ್ದೀರಾ ಎಂದೆ.

ಹಾಗಲ್ಲವಂತೆ. ನಾವು ಬಂದುಹೋದ ವಾರದಿಂದಲೇ ಪರಮಾಣುಗಳು ಹುಚ್ಚುಚ್ಚಾಗಿ ಆಡುತ್ತಿದ್ದವಂತೆ. ಒಂದು ಹೊತ್ತು ಮೂರು ಸಾಲೂ ಸರಿ, ಇನ್ನೊಂದು ಹೊತ್ತು ಎಲ್ಲವೂ ಒಂದೇ ಸಾಲಿನಲ್ಲಿ ಗುಡ್ಡೆ. ಓಡಾಡುವ ಕಬ್ಬಿಣವೆಂದು ಲಿಫ್ಟನ್ನು ಅನುಮಾನಿಸಿದರು, ರೈಲನ್ನು ಅನುಮಾನಿಸಿದರು. ಕೊನೆಗೆ ಸರ್, ನಿನ್ನ ಕನ್ನಡಿಗಳನ್ನು ನೀನೇ ಸರಿಯಾಗಿ ಕೂರಿಸಿಲ್ಲ ಎಂದುಬಿಟ್ಟರು. ಮಳೆಗಾಲ ಮುಗಿದರೆ ಆ ಮೇಜು ಇನ್ನೊಬ್ಬ ವಿದ್ಯಾರ್ಥಿಯ ಪಾಲು. ಅಷ್ಟರೊಳಗೆ ತಪ್ಪು ಸಿಗದಿದ್ದರೆ ಅವಳ ಇಷ್ಟು ವರ್ಷದ ಕೆಲಸ ಯಾವುದಕ್ಕೂ ಬರುವುದಿಲ್ಲ.

"ಸರ್ ನಿಮ್ಮ ಮೇಲೂ ಡೌಟ್ ಮಾಡಿದ್ರು. ಏಸಿಯವರು ಏನಾದ್ರೂ ಬಿಟ್ಟು ಹೋಗಿದ್ದಾರಾ ಅಂತ. ನಾನು ಹೇಳಿದೆ, ನೋ ಸರ್, ನಾನೇ ಕೇಳಿದ್ದೇನೆ. ಅವ್ರು ನಮ್ಮವ್ರು, ನನ್ನ ಹತ್ರ ಸುಳ್ಳು ಹೇಳೋದಿಲ್ಲ ಅಂತ," ಎಂದಳು. ಹೇಳಿ, ಕನ್ನಡಿಯೊಂದನ್ನು ಬೆಳಕಿಗೆ ಹಿಡಿದು ಧೂಳು ಹುಡುಕತೊಡಗಿದಳು.

ಆ ಕನ್ನಡಿಗಳಲ್ಲಿ ಯಾವ ತಪ್ಪೂ ಇರಲಿಲ್ಲ. ಅದು ಆ ಖೋಲಿಯಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಸರಿಯಾಗಿ ಕೂರಿಸಿದ್ದನ್ನು ಕಿತ್ತು, ಇಲ್ಲದ ತಪ್ಪನ್ನು ಹುಡುಕುತ್ತ ಕೂತವಳನ್ನು ನೋಡುತ್ತ ನಾನು ಏಣಿ ಬಿಡಿಸಿದೆ. ಅವತ್ತು ಸರ್ ಇರಲಿಲ್ಲ, ಮಾಮು ಹೊರಗಿನ ಮೆಷಿನ್ ನೋಡಲು ತಾರಸಿಗೆ ಹೋಗಿದ್ದ. ಜಾಲರಿ ತೆಗೆದಾಗ ಫ್ಲ್ಯಾಪು ನನ್ನ ಕಣ್ಣೆದುರೇ ತೆರೆದುಕೊಂಡಿತು. ಬೆನ್ನ ಮೇಲೆ ಮ್ಯಾಗ್ನೆಟ್ಟನ್ನು ಹೊತ್ತು ಮೆಲ್ಲಗೆ ಗಾಜಿನ ಡಬ್ಬಿಯ ಕಡೆಗೆ ವಾಲಿತು. ಸ್ವಲ್ಪ ಹೊತ್ತಿಗೆ ಮುಚ್ಚಿಕೊಂಡು ಪಕ್ಕಕ್ಕೆ ತಿರುಗಿತು. ಖೋಲಿ ಬಿಸಿಯಾದಾಗ ಒಂದು ಥರ, ತಣ್ಣಗಾದಾಗ ಒಂದು ಥರ. ಅವಳು ಹುಡುಕುತ್ತಿದ್ದ ಹುಚ್ಚು ಅಲ್ಲೇ ಕೂತು ಓಲಾಡುತ್ತಿತ್ತು. ಕಿತ್ತು ಬಟ್ಟೆಯೊಳಗೆ ಸುತ್ತಿ ಇಳಿದೆ. ಆ ಕ್ಷಣಕ್ಕೆ ಎದೆಯಿಂದ ಕಲ್ಲು ಇಳಿದಂತಾಯಿತು. ಇನ್ನು ಎಲ್ಲ ಸರಿಹೋಗುತ್ತದೆ, ಹೇಳಬೇಕಾದ್ದೇನೂ ಇಲ್ಲ ಎಂದುಕೊಂಡೆ.

ಕನ್ನಡಿಗಳನ್ನೆಲ್ಲ ಮತ್ತೆ ಕೂರಿಸಿದ ಮೇಲೆ ಅವಳದೇ ಫೋನು ಬಂತು. ಮೂರು ಸಾಲೂ ಸರಿ ಬಂದಿವೆ, ಈಗ ಗುಡ್ಡೆ ಬೀಳುತ್ತಲೇ ಇಲ್ಲ ಎಂದಳು. ದನಿಯಲ್ಲಿ ಖುಷಿಯಿರಲಿಲ್ಲ. ತಾನಾಗಿ ಬಂದದ್ದು ತಾನಾಗಿ ಹೋಯಿತು ಎಂದರೆ ಯಾರು ನಂಬುತ್ತಾರೆ? ಹಿಂದೆ ಚೆನ್ನಾಗಿ ಬಂದ ಫೋಟೋಗಳಲ್ಲೂ ಅದೇ ದೋಷ ಅಡಗಿ ಕೂತಿಲ್ಲ ಎಂದು ಹೇಗೆ ಹೇಳುತ್ತೀ? ಹೀಗೆ ಸರ್ ಕೇಳುತ್ತಾರಂತೆ. ಕಾರಣ ಸಿಗದಿದ್ದರೆ ಎಲ್ಲವನ್ನೂ ಕೈಬಿಡಬೇಕಂತೆ, ನಮ್ಮ ಏಣಿ ಆ ಬಾಗಿಲು ದಾಟುವ ಮೊದಲಿನದನ್ನೂ.

"ಶಾಹೀದ, ಸರ್ವಿಸಿಗೆ ಬಂದ ದಿನ ನೀವು ಮೇಲೆ ಏನಾದ್ರೂ ಚೇಂಜ್ ಮಾಡಿದ್ರಾ? ಯಾದ್ ಮಾಡಿ. ಸಣ್ಣದಾದ್ರೂ ಪರವಾಗಿಲ್ಲ."

ನಿಜ ಹೇಳಲು ಅವಳೇ ಬಾಗಿಲು ತೆರೆದು ಹಿಡಿದಿದ್ದಳು. ನಾನು ಏನೂ ಇಲ್ಲರೀ, ಬರೀ ಫಿಲ್ಟರ್ ತೊಳೆದೆ ಎಂದೆ. ಹೌದಾ, ಥ್ಯಾಂಕ್ಸ್ ಎಂದು ಇಟ್ಟಳು. ಮೊದಲ ಸುಳ್ಳು ಸಿಟ್ಟಿನಲ್ಲಿ ಹೇಳಿದ್ದು. ಇದಕ್ಕೆ ಸಿಟ್ಟಿನ ನೆಪವೂ ಇಲ್ಲ.

ಮಾಮು ಸಾಮಾನಿನ ಚೀಲ ತೆರೆದಾಗ ಮ್ಯಾಗ್ನೆಟ್ಟು ಸಿಕ್ಕಿತು. ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತು ಅದನ್ನು ತಿರುಗಿಸಿ ನೋಡಿದ.

"ಎಲ್ಲಿತ್ತಲೇ ಇದು?"

ಹೇಳಿದೆ, ಎಲ್ಲವನ್ನೂ. ಮಾಮು ಹೊಡೆಯಬೇಕಿತ್ತು, ಹೊಡೆಯಲಿಲ್ಲ. ಮ್ಯಾಗ್ನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ವಾಪಸು ತುರುಕಿದ.

"ಬಾಯಿ ಮುಚ್ಕೊಂಡಿರು. ತಗದಿಯಲ್ಲ, ಮುಗೀತು. ನಮ್ಮಂಥವರ ತಪ್ಪು ಆ ಮಂದಿ ಸಾಯೂತನಕ ಮರಿಯಂಗಿಲ್ಲ."

"ಆಕಿ ತಪ್ಪು ಅನ್ನಾಕತ್ತಾರ ಮಾಮು."

"ಆಕಿ ಓದಿದಾಕಿ. ಇದಲ್ಲ ಅಂದ್ರ ಇನ್ನೊಂದು ಹುಡಿಕ್ಕೋತಾಳ. ನಾವು ಎಲ್ಲಿ ಹುಡುಕೂಣು?"

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅಂಥ ಪಾಸು ನಮ್ಮ ಅಂಗಡಿಗೆ ಮತ್ತೆ ಸಿಗುವುದಿಲ್ಲ. ನಾನು ಅಟ್ಟಕ್ಕೆ ಹೋಗಿ ಬಿದ್ದುಕೊಂಡೆ. ವಾಚ್‌ಮನ್ ಮೇಲೆ ಸಿಟ್ಟು ಮಾಡಲು ನೋಡಿದೆ, ಸರ್ ಮೇಲೆ ನೋಡಿದೆ, ಕೊನೆಗೆ ಅವಳ ಮೇಲೆಯೂ. ಯಾರು ಹೇಳಿದ್ದರು ಅವಳಿಗೆ ನನ್ನನ್ನು ನಂಬು ಎಂದು? ನನಗೆ ಸಿಟ್ಟು ಎಂದೂ ಕೈಕೊಟ್ಟಿರಲಿಲ್ಲ. ಈ ಸಲ ಎಷ್ಟು ಊದಿದರೂ ಹತ್ತಿಕೊಳ್ಳಲಿಲ್ಲ. ಕೆಳಗೆ ಅಮ್ಮ ಊಟಕ್ಕೆ ಕರೆಯುತ್ತಿದ್ದಳು. ಹಸಿವಿಲ್ಲ ಎಂದೆ.

ಮರುದಿನ ಬೆಳಿಗ್ಗೆ ಸಯನ್ ಸ್ಟೇಷನ್ ಹೊರಗೆ ನಿಂತೆ. ಹಳೇ ಸೇತುವೆ ಮುಚ್ಚಿದಂದಿನಿಂದ ಬಸ್ಸುಗಳೆಲ್ಲ ಸುತ್ತುಹಾಕಿ ಬರುತ್ತವೆ, ಸ್ಟಾಪಿನಲ್ಲಿ ಜಾತ್ರೆಯಷ್ಟು ಜನ. ಅವಳು ಛತ್ರಿ ಮಡಚುತ್ತ ಬಂದಳು, ನನ್ನನ್ನು ನೋಡಿ ನಕ್ಕಳು.

"ಎಂತ ಮಾರಾಯ್ರೆ, ಇಲ್ಲಿ?"

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ಅದನ್ನೆಲ್ಲ ಬಿಟ್ಟು ಬಟ್ಟೆ ಬಿಚ್ಚಿ ಅಂಗೈ ಮೇಲೆ ಇಟ್ಟು ತೋರಿಸಿದೆ. ಅವಳ ಛತ್ರಿಯ ಕಡ್ಡಿ ಸರಕ್ಕನೆ ಬಂದು ಅದಕ್ಕೆ ಅಂಟಿಕೊಂಡಿತು. ಅವಳು ಬಿಡಿಸಿಕೊಳ್ಳಲಿಲ್ಲ. ಅದನ್ನೇ ನೋಡುತ್ತ ನಿಂತಳು.

"ಫ್ಲ್ಯಾಪಿನ ಮ್ಯಾಲಿತ್ರಿ," ಎಂದೆ. "ನೀವು ಕೇಳಿದಾಗ ಅಲ್ಲೇ ಇತ್ತು. ಫೋನ್ ಮಾಡಿದಾಗ ನನ್ನ ಚೀಲದಾಗಿತ್ತು."

ಅವಳ ಬಸ್ಸು ಬಂತು, ನಿಂತಿತು, ಹೋಯಿತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಗೊತ್ತಿರುವ ದಾರಿಯಾಗುತ್ತಿತ್ತು. ನಾನೂ ನಾಲ್ಕು ಮಾತು ತಿರುಗಿಸಿ ಆಡಬಹುದಿತ್ತು. ಅವಳು ಛತ್ರಿಯನ್ನು ಮೆಲ್ಲಗೆ ಎಳೆದು ಬಿಡಿಸಿಕೊಂಡಳು.

"ಕಬ್ ಲಗಾಯಾ ಥಾ? ಕಬ್ ನಿಕಾಲಾ?" ಎಂದಳು.

ಹಿಂದಿಯಲ್ಲಿ. ಯಾವಾಗ ಅಂಟಿಸಿದೆ, ಯಾವಾಗ ತೆಗೆದೆ ಎಂದು ಹೇಳಿದೆ. ನಾನು ಕನ್ನಡದಲ್ಲೇ ಹೇಳಿದೆ. ಅವಳು ಮತ್ತೆ ಹಿಂದಿಯಲ್ಲೇ, ಈಗಲೇ ಲ್ಯಾಬಿಗೆ ಬರಬೇಕು, ಸರ್‌ಗೆ ಬರೀ ಮಾತು ಸಾಲುವುದಿಲ್ಲ ಎಂದಳು. ಇನ್ನೊಂದು ಬಸ್ಸಿನಲ್ಲಿ ಅವಳು ಮುಂದೆ ಹತ್ತಿದಳು, ನಾನು ಹಿಂದೆ.

ಮಾಮುವಿಗೆ ಬಸ್ಸಿನಿಂದಲೇ ಫೋನ್ ಮಾಡಿ ಹೇಳಿದೆ. ಅವನು ಫೋನ್ ಇಟ್ಟುಬಿಟ್ಟ. ಆದರೆ ನಾವು ಸರ್ ಮುಂದೆ ನಿಂತು ಮಾತು ಮುಗಿಸುವ ಹೊತ್ತಿಗೆ ಲ್ಯಾಬಿನ ಬಾಗಿಲಲ್ಲಿ ಅವನಿದ್ದ, ಬೆಲ್ಟು ಬಿಚ್ಚಿ ಟ್ರೇನಲ್ಲಿಡುತ್ತಿದ್ದ. ಸರ್ ಎಲ್ಲ ಕೇಳಿದರು. ದನಿ ಏರಿಸಲಿಲ್ಲ. ಪಾಸನ್ನು ಹೋಗುವಾಗ ಗೇಟಿನಲ್ಲಿ ಕೊಟ್ಟುಹೋಗಿ ಎಂದು ಮಾಮುವಿಗೆ ಹೇಳಿ, ನನ್ನ ಕಡೆ ತಿರುಗಿ ಏಣಿ ತೋರಿಸಿದರು. ಎಲ್ಲಿ ಅಂಟಿಸಿದ್ದೆಯೋ ಅಲ್ಲೇ ಅಂಟಿಸು, ನೋಡೋಣ. ಮ್ಯಾಗ್ನೆಟ್ಟೇ ಕಾರಣ ಎಂದು ಗೊತ್ತಾದರೆ ಅದು ಬರುವ ಮೊದಲಿನ ಫೋಟೋಗಳು ಉಳಿಯುತ್ತವೆ. ಇಲ್ಲದಿದ್ದರೆ ಇದೂ ಒಂದು ಕತೆ.

ಕಣ್ಣಿಗೆ ಲೇಸರಿನ ಕನ್ನಡಕ ಹಾಕಿಕೊಂಡು ಹತ್ತಿದೆ. ಮಾಮು ಏಣಿಯ ಕಾಲು ಹಿಡಿದ. ಬಾಗಿಲ ಸಂದಿಯಿಂದ ವಾಚ್‌ಮನ್ ಇಣುಕುತ್ತಿದ್ದ. ಅವನ ಮೂಗು ನೋಡಿ ನಿಖಿತಾ ನಗಬಹುದೇನೋ ಎಂದು ಒಂದು ಗಳಿಗೆ ಅನ್ನಿಸಿತು. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಜಾಲರಿ ಬಿಚ್ಚಿದೆ. ಸಿಟ್ಟಿನಲ್ಲಿ ಎಷ್ಟು ಸುಲಭವಾಗಿ ಮಾಡಿದ್ದೆ ಇದನ್ನು! ಫ್ಲ್ಯಾಪು ತೆರೆದಿತ್ತು. ಮ್ಯಾಗ್ನೆಟ್ಟು ಟಕ್ಕೆಂದಿತು.

ಒಂದೊಂದು ಫೋಟೋಗೂ ಕಾಯಬೇಕು. ಪರಮಾಣುಗಳು ಮೊದಲಿಂದ ಸೇರಬೇಕು, ತಣ್ಣಗಾಗಬೇಕು, ಮೆಟ್ಟಿಲು ಹತ್ತಬೇಕು. ಅಷ್ಟು ಹೊತ್ತೂ ಫ್ಲ್ಯಾಪು ಮುಚ್ಚಿಕೊಳ್ಳದಂತೆ ಕೈ ಮೇಲೆತ್ತಿ ಹಿಡಿದು ಅಲ್ಲಾಡದೆ ನಿಂತಿದ್ದೆ. ಏಣಿಯ ಮೇಲಿನಿಂದ ಪರದೆ ಕಾಣುತ್ತಿತ್ತು. ಚಿತ್ರ ಮೂಡಿತು. ಮೇಲಿನ ಸಾಲು ಇಲ್ಲ, ನಡುವಿನದು ಇಲ್ಲ. ಎಲ್ಲ ಚುಕ್ಕೆಗಳೂ ಕೆಳಗೆ, ಒಂದೇ ಕಡೆ, ಗುಡ್ಡೆ.

ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಬಿಗಿಹಿಡಿದಿದ್ದ ಭುಜಗಳು ಇಳಿದವು.

ಸರ್ ತೆಗೆ ಎಂದರು. ತೆಗೆದು ಮಾಮುವಿನ ಕೈಗೆ ಕೊಟ್ಟೆ. ಅವನು ಹೊರಗೆ ಒಯ್ದ. ಕಾದೆವು. ಮೂರು ಸಾಲು ಮೂಡಿದವು, ಕೆಳಗಿನದು ಎಡಕ್ಕೆ, ಮೇಲಿನದು ಬಲಕ್ಕೆ. ಇಲ್ಲದ ಅಟ್ಟ ಮತ್ತೆ ಎದ್ದು ನಿಂತಿತು. ನಾನು ಇಳಿಯಲು ಹೊರಟೆ. ಸರ್ ತಲೆಯಾಡಿಸಿದರು. ಒಂದು ಸಲ ಆದದ್ದು ಆದಂತಲ್ಲವಂತೆ.

ಮಾಮು ಮ್ಯಾಗ್ನೆಟ್ಟನ್ನು ಮತ್ತೆ ತಂದು ಮೇಲಕ್ಕೆ ಚಾಚಿದ. ನಾನು ನಿಖಿತಾಳನ್ನೇ ನೋಡುತ್ತಿದ್ದೆ. ಒಂದು ಮಾತು, ಬೈಗುಳವಾದರೂ ಸರಿ, ಕನ್ನಡದಲ್ಲಿ ಬರಲಿ ಎಂದು ಕಾಯುತ್ತಿದ್ದೆ. ಅವಳು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಕಣ್ಣು ಒದ್ದೆಯಾಗಿತ್ತು.

"ಫಿರ್ ಸೇ," ಎಂದಳು.

ನಾನು ಮತ್ತೆ ಅಂಟಿಸಿದೆ.